ಅಪ್‌ಡೇಟ್: ಮೊದಲ ಪಾದಯಾತ್ರೆಗೆ ದಿನಕ್ಕೆ ಎಷ್ಟು ಕಿಲೋಮೀಟರ್?

ಮೊದಲ ದೀರ್ಘ ಪಾದಯಾತ್ರೆಗೆ ದಿನಕ್ಕೆ 30 ಕಿಲೋಮೀಟರ್ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದೆ. ಬಹುತೇಕರು 20ರ ಆಸುಪಾಸಿಗೆ ಇಳಿಸಿ, ಆರಂಭದಲ್ಲಿ ಇನ್ನೂ ಕಡಿಮೆ ನಡೆಯಿರಿ ಎಂದಿರಿ. ಹಾಗೆಯೇ ಮಾಡಿ, ಯಾತ್ರೆ ಮುಗಿಸಿದ್ದೇನೆ. ಎಲ್ಲರಿಗೂ ಮನಸಾರೆ ವಂದನೆ.

ಆರಂಭದ ದಿನಗಳಲ್ಲಿ 12ರಿಂದ 15 ಕಿಲೋಮೀಟರ್ ಮಾತ್ರ ನಡೆದದ್ದೇ ಎಲ್ಲಕ್ಕಿಂತ ಹೆಚ್ಚು ನೆರವಾಯಿತು. ಉಸಿರು ಬೇಗ ಹದಕ್ಕೆ ಬರುತ್ತದೆ, ಸ್ನಾಯುಗಳೂ ಹೊಂದಿಕೊಳ್ಳುತ್ತವೆ. ಸ್ನಾಯುಗಳನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುಗಳಿಗೆ ಮಾತ್ರ ಹೆಚ್ಚು ಕಾಲ ಬೇಕು. ಒಂದು ದಿನ 30 ಕಿಲೋಮೀಟರ್ ನಡೆಯುವುದು ಬೇರೆ, ಮರುದಿನ ಬೆಳಿಗ್ಗೆ ಅದೇ ಕಾಲುಗಳ ಮೇಲೆ ಹೊರೆ ಹೊತ್ತು ಮತ್ತೆ ಹೊರಡುವುದು ಬೇರೆ. ಹೊಸಬರಿಗೆ ಇದನ್ನು ಎಷ್ಟು ಹೇಳಿದರೂ ಸಾಲದು.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಹಿಡಿದೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರಲ್ಲಿ ವಿಶ್ರಾಂತಿ ಸೇರಿಲ್ಲ. ಊಟ, ಪ್ರಾರ್ಥನೆ, ಪಾದಗಳ ಆರೈಕೆಗೆ ಬೇಕಾದ ಸಮಯವನ್ನು ಪ್ರತ್ಯೇಕವಾಗಿ ಕೂಡಿಸಿಕೊಳ್ಳಬೇಕು. ಬಿಸಿಲೇರಿದ ಮೇಲೆ, ಡಾಂಬರು ರಸ್ತೆಯಲ್ಲಂತೂ, ವೇಗ ಇನ್ನೂ ತಗ್ಗುತ್ತದೆ.

ಇನ್ನೊಂದು ಮಾತು: ದಿನದ ದೂರವನ್ನು ನಮ್ಮ ಕಾಲುಗಳಷ್ಟೇ ಅಲ್ಲ, ರಾತ್ರಿ ತಂಗುವ ಜಾಗಗಳ ನಡುವಿನ ಅಂತರವೂ ನಿರ್ಧರಿಸುತ್ತದೆ. 26 ಕಿಲೋಮೀಟರ್ ನಡೆಯಲೇಬೇಕಾದ ದಿನವಿದ್ದರೆ ಅದರ ಹಿಂದಿನ, ಮುಂದಿನ ದಿನಗಳನ್ನು ಹಗುರವಾಗಿಡಿ. ವಾರಕ್ಕೊಂದು ಬಿಡುವಿನ ದಿನವನ್ನು ಮೊದಲೇ ಗುರುತು ಹಾಕಿಕೊಳ್ಳಿ. ಹೊರೆ ದೇಹತೂಕದ ಹತ್ತನೇ ಒಂದು ಭಾಗದ ಒಳಗಿರಲಿ. ಪಾದದಲ್ಲಿ ಉರಿ ಕಂಡ ಕೂಡಲೇ ನಿಂತು, ಅಲ್ಲಿಗೆ ಪಟ್ಟಿ ಅಂಟಿಸಿ. ಬೊಬ್ಬೆ ಏಳುವವರೆಗೆ ಕಾಯಬೇಡಿ.