‘ಮೊದಲು ಅನ್ನ, ಆಮೇಲೆ ಮತ’: ಒಂದು ಫಾರ್ವರ್ಡ್ ಸಂದೇಶದ ಮೇಲೆ ಮನೆಮಂದಿಯ ಜಗಳ

ದೊಡ್ಡಪ್ಪ (ಫಾರ್ವರ್ಡ್ ಮಾಡಿದ್ದು): ಮೊದಲು ಅನ್ನ, ಅಕ್ಷರ, ಆಮೇಲೆ ಮತಪತ್ರ. ಸಿಂಗಪುರ ಮೇಲೆ ಬಂದದ್ದು ಹೀಗೆ. ದಕ್ಷಿಣ ಕೊರಿಯಾ, ತೈವಾನ್ ಕೂಡ ಬಿಗಿ ಮುಷ್ಟಿಯ ಆಡಳಿತದಲ್ಲೇ ಶ್ರೀಮಂತವಾದವು. ಬಡ ದೇಶಗಳ ಜನ ಪ್ರಜಾಪ್ರಭುತ್ವಕ್ಕೆ ಇನ್ನೂ ಅರ್ಹರಾಗಿಲ್ಲ. ಸತ್ಯ ಎನಿಸಿದರೆ ಹತ್ತು ಜನರಿಗೆ ಕಳುಹಿಸಿ.

ಅಕ್ಕ: ಸತ್ಯ ಎನಿಸಲಿಲ್ಲ. ನನ್ನಿಂದ ಮುಂದಕ್ಕೆ ಹೋಗುವುದಿಲ್ಲ.

ಭಾವ: ಅಷ್ಟು ಸುಲಭವಾಗಿ ತಳ್ಳಿಹಾಕಬೇಡ. ಸೀಮೋರ್ ಲಿಪ್ಸೆಟ್ ಎಂಬ ಸಮಾಜಶಾಸ್ತ್ರಜ್ಞ 1959ರಲ್ಲೇ ಇದನ್ನು ಹೇಳಿದ್ದಾನೆ. ಆದಾಯ, ಸಾಕ್ಷರತೆ, ನಗರಗಳು, ಮಧ್ಯಮ ವರ್ಗ ಇವೆಲ್ಲ ಬೆಳೆದ ಕಡೆ ಪ್ರಜಾಪ್ರಭುತ್ವ ನಿಲ್ಲುತ್ತದೆ.

ಅಕ್ಕ: ನಿಲ್ಲುತ್ತದೆ, ಸರಿ. ಹುಟ್ಟುವುದೂ ಹಣದಿಂದಲೇ ಎಂದು ಯಾರು ಹೇಳಿದರು? ಪ್ಶೆವೊರ್ಸ್ಕಿ ಮತ್ತು ಲಿಮೊಂಗಿ ಎಂಬ ಇಬ್ಬರು ರಾಜಕೀಯ ಶಾಸ್ತ್ರಜ್ಞರು 1997ರಲ್ಲಿ ಅಂಕಿಅಂಶಗಳನ್ನು ಜಾಲಾಡಿದರು. ಸರ್ವಾಧಿಕಾರ ಯಾವ ಆದಾಯದ ಹಂತದಲ್ಲಾದರೂ, ಬೇರೆ ಬೇರೆ ಕಾರಣಗಳಿಂದ ಬೀಳಬಹುದು. ಆದರೆ ಒಮ್ಮೆ ಬಂದ ಪ್ರಜಾಪ್ರಭುತ್ವ ಶ್ರೀಮಂತ ದೇಶದಲ್ಲಿ ಸಾಯುವುದಿಲ್ಲ. 1975ರ ಅರ್ಜೆಂಟೀನಾದ ತಲಾ ಆದಾಯಕ್ಕಿಂತ ಮೇಲಿದ್ದ ಯಾವ ದೇಶದಲ್ಲೂ ಅದು ಕುಸಿದದ್ದು ಅವರಿಗೆ ಸಿಗಲಿಲ್ಲ. ಹಣ ಇದ್ದರೆ ಬಾಳಿಕೆ ಹೆಚ್ಚು ಎನ್ನುವುದು ಬೇರೆ, ಹಣ ಬರುವವರೆಗೆ ಬಾಯಿ ಮುಚ್ಚಿಕೊಂಡಿರಿ ಎನ್ನುವುದು ಬೇರೆ.

ದೊಡ್ಡಪ್ಪ: ಪುಸ್ತಕದ ಮಾತು ಬಿಡು. ಕೊರಿಯಾ ಕಣ್ಣ ಮುಂದಿದೆ.

ಅಕ್ಕ: ಕೊರಿಯಾವನ್ನೇ ನೋಡೋಣ ದೊಡ್ಡಪ್ಪ. 1980ರ ಮೇ ತಿಂಗಳಲ್ಲಿ ಗ್ವಾಂಗ್ಜುವಿನಲ್ಲಿ ಸೇನೆ ತನ್ನದೇ ಜನರ ಮೇಲೆ ಗುಂಡು ಹಾರಿಸಿತು. 1987ರ ಜನವರಿಯಲ್ಲಿ ಒಬ್ಬ ವಿದ್ಯಾರ್ಥಿ ಪೊಲೀಸರ ಚಿತ್ರಹಿಂಸೆಯಲ್ಲಿ ಸತ್ತ. ಜೂನ್‌ನಲ್ಲಿ ಲಕ್ಷಾಂತರ ಮಂದಿ ಬೀದಿಗಿಳಿದ ಮೇಲೆ ನೇರ ಅಧ್ಯಕ್ಷೀಯ ಚುನಾವಣೆಗೆ ಒಪ್ಪಿಗೆ ಸಿಕ್ಕಿತು. ‘ಈಗ ನೀವು ಶ್ರೀಮಂತರಾದಿರಿ, ತಗೊಳ್ಳಿ’ ಎಂದು ಯಾವ ಜನರಲ್ ಕೂಡ ಮತಪತ್ರ ಹಂಚಲಿಲ್ಲ.

ತಮ್ಮ: 2024ರ ಡಿಸೆಂಬರ್ 3ರ ರಾತ್ರಿಯನ್ನೂ ಸೇರಿಸು. ಅಧ್ಯಕ್ಷರು ಸೇನಾಡಳಿತ ಘೋಷಿಸಿದರು, ಸಂಸದರು ಬೇಲಿ ಹಾರಿ ಸಭಾಂಗಣ ಸೇರಿ 190–0 ಮತದಿಂದ ಅದನ್ನು ತಿರಸ್ಕರಿಸಿದರು. ಬೆಳಗಾಗುವುದರೊಳಗೆ ಎಲ್ಲ ಮುಗಿದಿತ್ತು. 2025ರ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯ ಅಧ್ಯಕ್ಷರನ್ನೇ ಮನೆಗೆ ಕಳುಹಿಸಿತು.

ಭಾವ: ಶ್ರೀಮಂತ, ಸುಶಿಕ್ಷಿತ ದೇಶವಾದ್ದರಿಂದ ತಡೆದುಕೊಂಡಿತು. ನೀವಿಬ್ಬರೂ ನನ್ನ ವಾದವನ್ನೇ ಗಟ್ಟಿಮಾಡುತ್ತಿದ್ದೀರಿ. ಇನ್ನು ಸಿಂಗಪುರ?

ಅಕ್ಕ: ಸಿಂಗಪುರದ ಮಾತನ್ನು ಒಪ್ಪುತ್ತೇನೆ. ಆದರೆ ಬಿಗಿ ಮುಷ್ಟಿ ಬೇಕು ಎನ್ನುವವರು ಸಿಂಗಪುರವನ್ನು ಕಟ್ಟಿದ ಪ್ರಧಾನಿ ಲೀ ಕುವಾನ್ ಯೂ ಅವರಂಥವರೇ ಸಿಗುತ್ತಾರೆ ಎಂದು ಹೇಗೆ ಖಾತರಿ ಕೊಡುತ್ತಾರೆ? 1965ರಿಂದ 1997ರವರೆಗೆ ಝೈರೆಗೆ, ಅಂದರೆ ಇಂದಿನ ಕಾಂಗೋಗೆ, ಸಿಕ್ಕಿದ್ದು ಸರ್ವಾಧಿಕಾರಿ ಮೊಬುಟು. ತಾಮ್ರ, ಕೋಬಾಲ್ಟ್, ವಜ್ರ ಎಲ್ಲ ಇದ್ದ ನೆಲ ಅದು. ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೆ ಅಲ್ಲಿನ ಜನರಿಗೆ ಅನ್ನ ಬರಲಿಲ್ಲ. ಅದೇ ಆಫ್ರಿಕಾದ ಬೋಟ್ಸ್ವಾನಾ 1966ರಲ್ಲಿ ಸ್ವತಂತ್ರವಾದಾಗ ಜಗತ್ತಿನ ಕಡುಬಡ ದೇಶಗಳಲ್ಲಿ ಒಂದು. ಅಲ್ಲಿಯೂ ವಜ್ರ ಸಿಕ್ಕಿತು. ಚುನಾವಣೆಗಳು ಮಾತ್ರ ನಿಲ್ಲಲಿಲ್ಲ, ದೇಶವೂ ಮೇಲೆ ಬಂತು.

ಭಾವ: ಸಿಕ್ಕಿಬಿದ್ದೆ! ಬೋಟ್ಸ್ವಾನಾದಲ್ಲಿ 58 ವರ್ಷ ಒಂದೇ ಪಕ್ಷ ಆಳಿತು. ಸಿಂಗಪುರದಲ್ಲೂ 1959ರಿಂದ ಒಂದೇ ಪಕ್ಷ, ಅಲ್ಲಿಯೂ ಕಾಲಕಾಲಕ್ಕೆ ಚುನಾವಣೆ. ಒಂದನ್ನು ಪ್ರಜಾಪ್ರಭುತ್ವ ಎಂದು ಹೊಗಳಿ ಇನ್ನೊಂದನ್ನು ಬಿಗಿ ಮುಷ್ಟಿ ಎನ್ನುವುದು ಯಾವ ನ್ಯಾಯ?

ಚಿಕ್ಕಮ್ಮ: ಇದು ಒಳ್ಳೆಯ ಪ್ರಶ್ನೆ. ಉತ್ತರ ಬರಲಿ, ನಾನು ಮಲಗುವುದಿಲ್ಲ.

ಅಕ್ಕ: ನಿಜಕ್ಕೂ ಒಳ್ಳೆಯ ಪ್ರಶ್ನೆ. ಪಂಡಿತರೇ ಇಲ್ಲಿ ತಲೆ ಕೆಡಿಸಿಕೊಂಡಿದ್ದಾರೆ. ರಾಜಕೀಯ ಶಾಸ್ತ್ರಜ್ಞ ರಾಬರ್ಟ್ ಡಾಲ್ ಅವರ ಅಳತೆಗೋಲು ಎರಡು: ಆಳುವವರನ್ನು ಬಹಿರಂಗವಾಗಿ ಎದುರಿಸಲು ಎಷ್ಟು ಅವಕಾಶವಿದೆ, ಆ ಸ್ಪರ್ಧೆಯಲ್ಲಿ ಎಷ್ಟು ಮಂದಿಗೆ ಪಾಲಿದೆ. ಹಾಗೆ ನೋಡಿದರೆ ಬೋಟ್ಸ್ವಾನಾ ಬಹುಮಟ್ಟಿಗೆ ಪಾಸು. ಪ್ಶೆವೊರ್ಸ್ಕಿ ಮತ್ತು ಸಂಗಡಿಗರು ಇನ್ನೂ ಕಟ್ಟುನಿಟ್ಟು. ಆಳುವ ಪಕ್ಷ ಒಮ್ಮೆಯೂ ಸೋತು ಇಳಿಯದಿದ್ದರೆ, ಸೋತಾಗ ಇಳಿಯುತ್ತದೆಯೋ ಇಲ್ಲವೋ ಎಂದು ನಮಗೆ ಹೇಗೆ ಗೊತ್ತಾಗಬೇಕು ಎಂಬುದು ಅವರ ತಕರಾರು. ಆ ಲೆಕ್ಕದಲ್ಲಿ ಅವರು ಬೋಟ್ಸ್ವಾನಾವನ್ನು ಸರ್ವಾಧಿಕಾರದ ಪಟ್ಟಿಗೇ ಸೇರಿಸಿದ್ದರು.

ಭಾವ: ಮತ್ತೆ? ಮುಗಿಯಿತಲ್ಲ.

ಅಕ್ಕ: 2024ರ ಅಕ್ಟೋಬರ್ 30ರವರೆಗೆ ಮುಗಿದಿತ್ತು. ಅಂದಿನ ಚುನಾವಣೆಯಲ್ಲಿ ಆಳುವ ಪಕ್ಷ 38 ಸ್ಥಾನಗಳಿಂದ 4ಕ್ಕೆ ಇಳಿಯಿತು. ಎಣಿಕೆ ಪೂರ್ತಿಯಾಗುವ ಮೊದಲೇ ಅಧ್ಯಕ್ಷ ಮಸೀಸಿ ಸೋಲೊಪ್ಪಿಕೊಂಡರು, ವಿರೋಧ ಪಕ್ಷದ ಡುಮಾ ಬೊಕೊ ಅಧಿಕಾರ ವಹಿಸಿಕೊಂಡರು. ಸೇನೆ ಬೀದಿಗೆ ಬರಲಿಲ್ಲ. ಸಿಂಗಪುರದ ಆಳುವ ಪಕ್ಷ ಈ ಪರೀಕ್ಷೆಗೆ ಇನ್ನೂ ಕೂತೇ ಇಲ್ಲ. ಕೂತಾಗ ಅದೂ ಪಾಸಾಗಬಹುದು, ನಾನು ಶಪಿಸುತ್ತಿಲ್ಲ. ಸೋತವನು ಹೊರಡುತ್ತಾನೆಯೇ ಎಂಬುದೇ ನನಗೆ ಮುಖ್ಯ. ಜನರ ಅರ್ಹತೆಯನ್ನು ಅಳೆಯುವ ಫಾರ್ವರ್ಡ್‌ಗಳು ಆಳುವವನ ಅರ್ಹತೆಯನ್ನು ಮಾತ್ರ ಯಾಕೆ ಅಳೆಯುವುದಿಲ್ಲವೋ.

ದೊಡ್ಡಪ್ಪ: ಟ್ಯುನೀಷಿಯಾ ಬಗ್ಗೆ ಹೇಳು. ಅಲ್ಲಿ ಜನರೇ ಬೇಡ ಎಂದರು.

ತಮ್ಮ: ದೊಡ್ಡಪ್ಪ ತಯಾರಾಗಿಯೇ ಬಂದಿದ್ದಾರೆ.

ಅಕ್ಕ: ಅಲ್ಲಿ ದೊಡ್ಡಪ್ಪನವರ ಮಾತಿನಲ್ಲಿ ತೂಕವಿದೆ. 2011ರಲ್ಲಿ ಸರ್ವಾಧಿಕಾರಿ ಬೆನ್ ಅಲಿ ಓಡಿಹೋದ, 2014ರಲ್ಲಿ ಒಳ್ಳೆಯ ಸಂವಿಧಾನ ಬಂತು. ಸರ್ಕಾರಗಳು ಬಂದವು, ಹೋದವು, ಕೆಲಸ ಮಾತ್ರ ಸಿಗಲಿಲ್ಲ. 2021ರ ಜುಲೈನಲ್ಲಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತಿಗೆ ಬೀಗ ಹಾಕಿದಾಗ ಬೀದಿಯಲ್ಲಿ ಹರ್ಷೋದ್ಗಾರವೇ ಕೇಳಿತು. ಹೊಟ್ಟೆಯ ಪ್ರಶ್ನೆಯನ್ನು ಹತ್ತು ವರ್ಷ ಮುಂದೂಡಿದರೆ ಜನ ಸಂಸತ್ತಿಗಾಗಿ ಅಳುವುದಿಲ್ಲ. ಅದನ್ನು ಒಪ್ಪುತ್ತೇನೆ. ಆದರೆ ಆಮೇಲಿನ ಕತೆಯನ್ನೂ ಓದಿ. ಮುಂದಿನ ವರ್ಷದ ಕೊನೆಗೆ ನಡೆದ ಸಂಸತ್ ಚುನಾವಣೆಗೆ ಬಂದ ಮತದಾರರು ನೂರಕ್ಕೆ ಸುಮಾರು 11 ಮಂದಿ. ಎದುರಾಳಿಗಳು ಜೈಲಿನಲ್ಲಿ. ಕೆಲಸವಂತೂ ಬಂದಿಲ್ಲ.

ತಮ್ಮ: ಪ್ರಜಾಪ್ರಭುತ್ವವನ್ನು ಸೊರಗಿಸಲು ಎಲ್ಲ ಕಡೆಯೂ ಬೀಗವೇ ಬೇಕಿಲ್ಲ. ಹಂಗರಿಯಲ್ಲಿ ಓರ್ಬಾನ್ ಪಕ್ಷ 2010ರಲ್ಲಿ ಸುಮಾರು 53 ಪ್ರತಿಶತ ಮತಕ್ಕೆ ಮೂರನೇ ಎರಡರಷ್ಟು ಸ್ಥಾನ ಗೆದ್ದು, ಮರುವರ್ಷವೇ ಹೊಸ ಸಂವಿಧಾನ ಬರೆಯಿತು. ಎಲ್ಲವೂ ಕಾನೂನುಬದ್ಧ. ಯುರೋಪಿನ ಓದಿದ ದೇಶ, ದೊಡ್ಡಪ್ಪ.

ಭಾವ: ಅದಕ್ಕೆ ನನ್ನ ಬಳಿ ಉತ್ತರವಿದೆ, ನಾಳೆ ಬರೆಯುತ್ತೇನೆ. ಈಗ ಕಡುಬಡ ದೇಶವೊಂದು ತಾನಾಗಿ ತಪ್ಪು ತಿದ್ದಿಕೊಂಡ ಉದಾಹರಣೆ ಕೊಡಿ, ಒಂದೇ ಒಂದು. ವಜ್ರವಿಲ್ಲದ ದೇಶ.

ಅಕ್ಕ: ಆಫ್ರಿಕಾದ ಮಲಾವಿ. 2019ರ ಅಧ್ಯಕ್ಷೀಯ ಚುನಾವಣೆಯಲ್ಲಿ ಎಣಿಕೆಯ ಹಾಳೆಗಳ ಮೇಲೆ ಬಿಳಿ ಬಣ್ಣ ಬಳಿದು ಅಂಕಿಗಳನ್ನು ತಿದ್ದಿದ್ದರು. ಗೆದ್ದವರು ಎಂದು ಘೋಷಣೆಯಾದದ್ದು ಅಧಿಕಾರದಲ್ಲಿದ್ದ ಪೀಟರ್ ಮುತಾರಿಕಾ. ತಿಂಗಳುಗಟ್ಟಲೆ ಪ್ರತಿಭಟನೆ ನಡೆಯಿತು. 2020ರ ಫೆಬ್ರುವರಿಯಲ್ಲಿ ಐವರು ನ್ಯಾಯಾಧೀಶರು ಗುಂಡುನಿರೋಧಕ ಕವಚ ತೊಟ್ಟು ಬಂದು ಆ ಚುನಾವಣೆಯನ್ನು ರದ್ದುಮಾಡಿದರು. ಜೂನ್‌ನಲ್ಲಿ ಮರುಚುನಾವಣೆ ನಡೆದು ವಿರೋಧಿ ಚಕ್ವೇರಾ ಗೆದ್ದರು. ಜಗತ್ತಿನ ಅತಿ ಬಡ ದೇಶಗಳಲ್ಲಿ ಒಂದು ಇದು, ಭಾವ.

ದೊಡ್ಡಪ್ಪ: ಆಮೇಲೆ? ಚಕ್ವೇರಾ ದೇಶವನ್ನು ಉದ್ಧಾರ ಮಾಡಿದರೋ?

ಅಕ್ಕ: ಇಲ್ಲ. ಬೆಲೆ ಏರಿತು, ಇಂಧನಕ್ಕೆ ಸಾಲು ನಿಂತಿತು. 2025ರ ಸೆಪ್ಟೆಂಬರ್‌ನಲ್ಲಿ ಸೋತರು. ಗೆದ್ದವರು ಮುತಾರಿಕಾ.

ದೊಡ್ಡಪ್ಪ: ಅದೇ ಬಿಳಿ ಬಣ್ಣದ ಮುತಾರಿಕಾ? ನಾನು ಹೇಳುತ್ತಿರುವುದೂ ಇದನ್ನೇ!

ಅಕ್ಕ: ಅವರೇ. ಈ ಸಲ ಅಂಕಿ ತಿದ್ದುವ ಅಗತ್ಯ ಬೀಳಲಿಲ್ಲ, ಅರ್ಧಕ್ಕಿಂತ ಹೆಚ್ಚು ಮತ ಬಂತು. ಅಧಿಕೃತ ಫಲಿತಾಂಶಕ್ಕೆ ಮೊದಲೇ ಚಕ್ವೇರಾ ಸೋಲೊಪ್ಪಿದರು.

ದೊಡ್ಡಪ್ಪ: ಆ ಮನುಷ್ಯನಿಗೆ ವಯಸ್ಸೆಷ್ಟು?

ಅಕ್ಕ: ಗೆದ್ದಾಗ 85.

ದೊಡ್ಡಪ್ಪ: ನನಗಿಂತ ಹಿರಿಯ. ಒಮ್ಮೆ ಇಳಿಸಿಕೊಂಡ ಮೇಲೂ, ಆ ವಯಸ್ಸಿನಲ್ಲಿ, ಅದೇ ಜನರ ಮುಂದೆ ಮತ್ತೆ ಮತ ಕೇಳಲು ಹೋದನೆ? ಸರಿ, ನ್ಯಾಯಾಧೀಶರ ಆ ತೀರ್ಪಿನ ಬಗ್ಗೆ ಇನ್ನಷ್ಟು ಇದ್ದರೆ ಕಳುಹಿಸು. ಒಪ್ಪಿದೆ ಎಂದುಕೊಳ್ಳಬೇಡ.