ಸಹಾಯ ಬೇಕು: ಮನೇಲಿ ಮಾಡಿದ ಮಿಕ್ಸ್ ಕಾರಲ್ಲಿ ಹಾಕಿದ್ರೆ ಬರೀ ಗುಂಯ್

ಎಲ್ರಿಗೂ ನಮಸ್ಕಾರ. ಮನೆ ರೂಮಲ್ಲೇ ಭಾವಗೀತೆ ರೆಕಾರ್ಡ್ ಮಾಡ್ತೀನಿ, ಹಾಡು, ಹಾರ್ಮೋನಿಯಂ, ತಬಲಾ ಅಷ್ಟೇ, ಮಿಕ್ಸಿಂಗ್ ರೀಪರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ. ಹೆಡ್‌ಫೋನಲ್ಲಿ ಚೆನ್ನಾಗೇ ಇರತ್ತೆ, ಅದನ್ನೇ ಕಾರಲ್ಲಿ ಹಾಕಿದ್ರೆ ಡಗ್ಗಾ (ತಬಲಾ ಜೋಡಿಯ ದಪ್ಪ ದನಿಯದ್ದು) ಗುಂಯ್ ಅಂತ ಎಲ್ಲಾನೂ ನುಂಗಿಬಿಡತ್ತೆ, ಫೋನ್ ಸ್ಪೀಕರಲ್ಲಿ ಕೇಳಿದ್ರೆ ಡಗ್ಗಾನೇ ನಾಪತ್ತೆ!

ವಾಯ್ಸ್‌ಗೆ 80 ಹರ್ಟ್ಸ್ ಕೆಳಗಿಂದು ಕಟ್ ಮಾಡಿದೀನಿ. ಹಾರ್ಮೋನಿಯಂನಲ್ಲಿ 300 ಹರ್ಟ್ಸ್ ಹತ್ರ 3 ಡಿಬಿ ಇಳಿಸಿದ್ಮೇಲೆ ಸಾಹಿತ್ಯ ಸ್ವಲ್ಪ ಬಿಡಿಸಿ ಕೇಳಿಸ್ತಿದೆ, ಇನ್ನೂ ಇಳಿಸೋಕೆ ಹೋದ್ರೆ ಹಾರ್ಮೋನಿಯಂ ಸೊರಗಿಹೋಗತ್ತೆ.

ರೂಮು 10 ಅಡಿಗೆ 10 ಅಡಿ, ಪೂರ್ತಿ ಚೌಕ, ಹಾಗಾಗಿ ಉದ್ದ ಅಗಲ ಎರಡರ ರೆಸೊನೆನ್ಸೂ (ಗೋಡೆಗಳ ನಡುವೆ ಸದ್ದು ತಾನಾಗೇ ಜೋರಾಗೋದು) 56 ಹರ್ಟ್ಸ್ ಆಸುಪಾಸಲ್ಲೇ ಬಂದು ಕೂರತ್ತೆ, ಆ ಜಾಗದಲ್ಲಿ ನನ್ ಕಿವೀನ ನಂಬೋಕಾಗಲ್ಲ. ಮೊಟ್ಟೆ ಟ್ರೇ ಅಂಟಿಸು ಅಂತ ಮಾತ್ರ ಹೇಳ್ಬೇಡಿ ಪ್ಲೀಸ್, ಅದ್ರಿಂದ ಬೇಸ್ ಒಂಚೂರೂ ಕಮ್ಮಿ ಆಗಲ್ಲ.

ಬಜೆಟ್ 15 ಸಾವಿರ. ಮೊದ್ಲು ಮೂಲೆಗಳಿಗೆ ರಾಕ್‌ವೂಲ್ ಬೇಸ್ ಟ್ರ್ಯಾಪ್ (ಬೇಸ್ ಸದ್ದು ಹೀರೋ ದಪ್ಪ ಪ್ಯಾನೆಲ್) ಮಾಡಿಸ್ಲಾ, ಇಲ್ಲ ಮಿಕ್ಸಿಂಗ್‌ಗೆ ಅಂತಲೇ ಇರೋ ಸಣ್ಣ ಮಾನಿಟರ್ ಸ್ಪೀಕರ್ ತಗೊಳ್ಲಾ? ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯಂಗಿಲ್ಲ. ಇನ್ನೊಂದು, ಡಗ್ಗಾ ಫೋನಲ್ಲೂ ಕೇಳಿಸ್ಬೇಕು ಅಂದ್ರೆ ಸ್ಯಾಚುರೇಶನ್ (ಸದ್ದನ್ನ ಒಂಚೂರು ಒಡೆಸಿ ಮೇಲಿನ ಸ್ವರಾಂಶ ಸೇರಿಸೋ ಎಫೆಕ್ಟ್) ಹಾಕಿ ಅಂತಾರೆ, ತಬಲಾಗೆ ಅದನ್ನ ಹಾಕಿ ನೋಡಿರೋರು ಯಾರಾದ್ರೂ ಇದೀರಾ, ಗಮಕ ಹಾಳಾಗಲ್ವಾ? ಸ್ಯಾಂಪಲ್ ಬೇಕಿದ್ರೆ ಕಳಿಸ್ತೀನಿ.