ಹೂವಿಗೆ ಬರುವ ಚಿಟ್ಟೆಗಳು ಕೈತೋಟದಲ್ಲಿ ನಿಲ್ಲುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ (ಮೈಸೂರು):
ನಮ್ಮದು 30×40 ಅಡಿ ನಿವೇಶನದ ಮನೆ. ಮುಂಭಾಗದಲ್ಲಿ ಎರಡು ವರ್ಷಗಳಿಂದ ಚೆಂಡು ಹೂವು, ಪೆಂಟಾಸ್ ಮತ್ತು ಕೇಪಳ ಬೆಳೆಸಿದ್ದೇನೆ. ಬಿಸಿಲೇರುವ ಹೊತ್ತಿಗೆ ಬರುವ ಚಿಟ್ಟೆಗಳು ಒಂದೆರಡು ನಿಮಿಷ ಮಕರಂದ ಹೀರಿ ಕಾಂಪೌಂಡ್ ದಾಟಿಬಿಡುತ್ತವೆ. ಹಿತ್ತಲಿನ ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂತಹ ಹುಳುಗಳು ಕಾಣಿಸಿಕೊಂಡು ಚಿಗುರನ್ನೆಲ್ಲ ತಿನ್ನುವುದರಿಂದ ಹದಿನೈದು ದಿನಕ್ಕೊಮ್ಮೆ ಬೇವಿನ ಎಣ್ಣೆ ಸಿಂಪಡಿಸುತ್ತೇನೆ. ಚಿಟ್ಟೆಗಳು ಇಲ್ಲಿಯೇ ಉಳಿಯಲು ಇನ್ನಾವ ಹೂಗಿಡ ನೆಡಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಶಿವಮೊಗ್ಗ):
ಇನ್ನೊಂದು ಹೂಗಿಡದ ಅಗತ್ಯ ತಮಗಿಲ್ಲ. ಮೊದಲು ಬೇವಿನ ಎಣ್ಣೆಯನ್ನು ನಿಲ್ಲಿಸಿ. ಹಿಕ್ಕೆಯಂತೆ ಕಾಣುವ ಆ ಹುಳು ಬಹುಶಃ ಕಾಮನ್ ಮಾರ್ಮನ್ ಇಲ್ಲವೇ ಲೈಮ್ ಚಿಟ್ಟೆಯ ಮರಿ. ಬೆಳೆದಂತೆ ಅದು ಹಸಿರಾಗುತ್ತದೆ. ಆಗ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂತಹ ಅಂಗವನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ತಾಯಿ ಚಿಟ್ಟೆಯು ಎಲೆಯನ್ನು ಮುಂಗಾಲುಗಳಿಂದ ತಟ್ಟಿ ರುಚಿ ನೋಡಿ, ಮರಿಗೆ ತಕ್ಕ ಗಿಡವೆಂದು ಖಾತ್ರಿಯಾದ ಮೇಲೆಯೇ ಮೊಟ್ಟೆಯಿಡುತ್ತದೆ. ಹೀಗೆ ಹುಡುಕಿಕೊಂಡು ಬಂದು ಇಟ್ಟ ಸಂತಾನವನ್ನೇ ತಾವು ಹದಿನೈದು ದಿನಕ್ಕೊಮ್ಮೆ ತೊಳೆದುಹಾಕುತ್ತಿದ್ದೀರಿ. ಅಡುಗೆಗೆ ಒಂದು, ಹುಳುಗಳಿಗೆ ಒಂದು ಎಂದು ಎರಡು ಕರಿಬೇವು ಇಟ್ಟುಕೊಂಡು, ಮೊದಲನೆಯದರ ಮೇಲೆ ಕಂಡ ಮರಿಗಳನ್ನು ಎಲೆಸಮೇತ ಎರಡನೆಯದಕ್ಕೆ ದಾಟಿಸಿ. ಬಿಸಿಲಿರುವ ಮೂಲೆಯಲ್ಲಿ ಎಕ್ಕವಿದ್ದರೆ ಪ್ಲೇನ್ ಟೈಗರ್ ಚಿಟ್ಟೆ ಮೊಟ್ಟೆಯಿಡುತ್ತದೆ. ಎಕ್ಕದ ಹಾಲು ಮಾತ್ರ ಕಣ್ಣಿಗೆ ತಾಗದಂತೆ ಎಚ್ಚರವಿರಲಿ.

ಉತ್ತರ 2 (ಪುತ್ತೂರು):
ಬೇಲಿಗೆ ಈಶ್ವರಿ ಬಳ್ಳಿಯನ್ನು ಹಬ್ಬಿಸಿ ನೋಡಿ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವ ಬಳ್ಳಿ ಅದು. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲವಿರುವ ಆ ಚಿಟ್ಟೆ ಘಟ್ಟದ ಆಸುಪಾಸಿನದಾದ್ದರಿಂದ ಮೈಸೂರಿನ ಬಡಾವಣೆಯಲ್ಲಿ ಅದನ್ನು ನಿರೀಕ್ಷಿಸಬೇಡಿ. ಆದರೆ ಅದೇ ಬಳ್ಳಿಗೆ ಕ್ರಿಮ್ಸನ್ ರೋಸ್ ಮತ್ತು ಕಾಮನ್ ರೋಸ್ ಚಿಟ್ಟೆಗಳು ಬರುವ ಸಾಧ್ಯತೆಯಿದೆ. ಬಳ್ಳಿಯ ವಿಷವನ್ನು ಮೈಯಲ್ಲಿ ಇಟ್ಟುಕೊಂಡಿರುವುದರಿಂದ ಹಕ್ಕಿಗಳು ಇವುಗಳ ತಂಟೆಗೆ ಬರುವುದು ಕಡಿಮೆ. ಇದನ್ನೇ ನೆಚ್ಚಿಕೊಂಡು, ವಿಷವಿಲ್ಲದ ಕಾಮನ್ ಮಾರ್ಮನ್‌ನ ಕೆಲವು ಹೆಣ್ಣುಗಳು ಥೇಟ್ ಇವುಗಳದೇ ವೇಷ ಧರಿಸಿ ಓಡಾಡುತ್ತವೆ. ನಾನೇ ಎಷ್ಟೋ ಸಲ ಮೋಸ ಹೋಗಿದ್ದೇನೆ. ರೋಸ್ ಚಿಟ್ಟೆಗಳ ಹೊಟ್ಟೆ ಕೆಂಪು, ಮಾರ್ಮನ್‌ನದು ಕಪ್ಪು. ಜೊತೆಗೆ ಅಗಲವಾದ ತಟ್ಟೆಯಲ್ಲಿ ಮಣ್ಣು ಹಾಕಿ, ಚಿಟಿಕೆ ಉಪ್ಪು ಬೆರೆಸಿ ಒದ್ದೆಯಾಗಿಡಿ. ಲವಣಾಂಶ ಹೀರಲು ಗಂಡು ಚಿಟ್ಟೆಗಳು ಅಲ್ಲಿಗೆ ಬರುವುದುಂಟು.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ:
ಇಬ್ಬರಿಗೂ ಧನ್ಯವಾದಗಳು. ಎಣ್ಣೆ ಸಿಂಪಡಿಸುವುದನ್ನು ನಿಲ್ಲಿಸಿದ್ದೇನೆ. ಇಂದು ಬೆಳಿಗ್ಗೆ ಎಣಿಸಿದಾಗ ಗಿಡದಲ್ಲಿ ಹನ್ನೊಂದು ಮರಿಗಳಿದ್ದವು, ಒಂದು ಆಗಲೇ ಕಾಂಡಕ್ಕೆ ನೂಲು ಬಿಗಿದುಕೊಂಡು ಕೋಶವಾಗಿದೆ. ಎರಡನೆಯ ಕರಿಬೇವು ಇನ್ನೂ ಗೇಣುದ್ದವಿರುವುದರಿಂದ ಸದ್ಯಕ್ಕೆ ಒಗ್ಗರಣೆಗೆ ಪಕ್ಕದ ಮನೆಯಿಂದ ಎಲೆ ತರುತ್ತಿದ್ದೇವೆ.